ಕಡ ತಂದ ಧಾಟಿ, ಬಿಟ್ಟುಹೋದ ಜವಾಬು

ಕಬ್ಬಿನ ಹಂಗಾಮು ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳದೇ ರಾಜ್ಯ. ಕಬ್ಬು ಹೇರಿಕೊಂಡು ಕಾರ್ಖಾನೆಯ ಕಡೆಗೆ ಹೊರಟ ಆ ಟ್ರ್ಯಾಕ್ಟರುಗಳ ಸ್ಪೀಕರಿನಲ್ಲಿ ಮೊಳಗುವ ಹಾಡುಗಳನ್ನು ಹಾಡಿದವರೂ ಕೇಳುವವರೂ ‘ಜಾನಪದ’ ಎಂದೇ ಕರೆಯುತ್ತಾರೆ. ಅವುಗಳನ್ನು ಕಟ್ಟಿದವರು ಹೆಚ್ಚಾಗಿ ಇದೇ ಸೀಮೆಯ ಹುಡುಗರು. ತಾವೇ ಬರೆಯುತ್ತಾರೆ, ತಾವೇ ಹಾಡುತ್ತಾರೆ, ಸಣ್ಣ ಊರಿನ ಸ್ಟುಡಿಯೋದಲ್ಲಿ ಕೀಬೋರ್ಡು, ರಿದಂ ಪ್ಯಾಡು ಕೂಡಿಸಿ ಧ್ವನಿಮುದ್ರಿಸಿ ಯೂಟ್ಯೂಬಿಗೆ ಬಿಡುತ್ತಾರೆ. ಪಕ್ಕದ ರಾಯಬಾಗ ತಾಲೂಕಿನ ಮಾಳು ನಿಪನಾಳ ಅವರ ‘ನಾ ಡ್ರೈವರ’ ಹಾಡು ಹೀಗೆಯೇ ಹೊರಟು ಕನ್ನಡನಾಡಿನ ಮೂಲೆಮೂಲೆ ಮುಟ್ಟಿತು. ಇಂಥ ಹಾಡು ಜನರ ಬಾಯಿಗೆ ಹತ್ತಿದಂತೆಲ್ಲ ತಿಳಿದವರ ವಲಯದಲ್ಲಿ ಒಂದು ಆಕ್ಷೇಪವೂ ಬಲವಾಗುತ್ತ ಬಂದಿದೆ: ಇದು ಜಾನಪದವೇ ಅಲ್ಲ. ಗಿಟಾರು ಬಂತು, ಡಿಜೆ ಬಂತು, ಸಿನಿಮಾದ ಧಾಟಿ ಬಂತು, ಗಡಿಯಾಚೆಯ ಮರಾಠಿ ಕುಣಿತದ ತಾಳ ಬಂತು. ದಪ್ಪು ಹೋಯಿತು, ತುಂತುಣಿ ಹೋಯಿತು, ಅವುಗಳ ಬೆನ್ನಿಗೆ ಜಾನಪದವೂ ಹೋಯಿತು ಎಂಬುದು ಆ ಆಕ್ಷೇಪದ ಸಾರ.

ಈ ಕಳವಳ ಪ್ರಾಮಾಣಿಕವಾದದ್ದು, ಆದರೆ ಅದು ನೋವಿಲ್ಲದ ಕಡೆ ಬೆರಳಿಡುತ್ತದೆ. ಹೊರಗಿನ ವಾದ್ಯವಾಗಲಿ ಹೊರಗಿನ ಧಾಟಿಯಾಗಲಿ ಘಟಪ್ರಭೆಯ ದಂಡೆಯ ಹಾಡನ್ನು ಕೆಡಿಸಿದ್ದಕ್ಕೆ ಆಧಾರ ಸಿಗುವುದಿಲ್ಲ. ಹಾಗೆ ಕೆಡಿಸುವಂತಿದ್ದರೆ ನಾವು ಇಂದು ಪರಂಪರೆ ಎಂದು ಎದೆಗಪ್ಪಿಕೊಳ್ಳುವ ಬಹುಪಾಲು ಹುಟ್ಟುತ್ತಲೇ ಇರಲಿಲ್ಲ. ಈ ಸೀಮೆಯ ಹಾಡುಗಾರಿಕೆಯನ್ನು ಕಾಯ್ದದ್ದು ಎರಡು ಕಟ್ಟಳೆಗಳು. ಹಾಡು ಕಟ್ಟಿದವನು ತನ್ನ ಹೆಸರು, ಊರು ಹೇಳಿ ಆಡಿದ ಮಾತಿಗೆ ಹೊಣೆಯಾಗಬೇಕು ಎಂಬುದು ಮೊದಲನೆಯದು. ಹಾಡಿದ ಮಾತಿಗೆ ಎದುರಿನವರು ಹಾಡಿನಲ್ಲೇ ಜವಾಬು ಕೊಡಬಹುದು, ಕೊಡಬೇಕು ಎಂಬುದು ಎರಡನೆಯದು. ಧಾಟಿಯನ್ನು ಎಲ್ಲಿಂದ ಬೇಕಾದರೂ ಕಡ ತರಲಿ, ಈ ಎರಡು ಕಟ್ಟಳೆ ಉಳಿದರೆ ಹಾಡು ನಮ್ಮದಾಗಿ ಉಳಿಯುತ್ತದೆ. ಇವು ಹೋದರೆ ದಪ್ಪು ಹಿಡಿದು ಹಾಡಿದರೂ ಅದು ಯಾರದೂ ಅಲ್ಲದ ಹಾಡಾಗುತ್ತದೆ. ಹೊಸ ಹಾಡುಗಾರರ ಹೊಸ ಆಲ್ಬಮ್ಮುಗಳನ್ನು ತೂಗಬೇಕಾದ ತಕ್ಕಡಿ ಇದು.

ಈ ಸೀಮೆಯ ಹೆಮ್ಮೆಯಾದ ಶ್ರೀಕೃಷ್ಣ ಪಾರಿಜಾತವನ್ನೇ ಮೊದಲ ಸಾಕ್ಷಿಯಾಗಿ ನೋಡಬಹುದು. ಅದರ ಮೂಲ ಕೃತಿ ರಾಯಚೂರು ಸೀಮೆಯ ಅಪರಾಳ ತಮ್ಮಣ್ಣನದು. ಅದನ್ನು ಅಟ್ಟಕ್ಕೆ ತಂದು, ಜನ ರಾತ್ರಿಯಿಡೀ ಕೂತು ನೋಡುವ ಆಟವಾಗಿ ಬೆಳೆಸಿದವನು ಇಂದಿನ ಮೂಡಲಗಿ ತಾಲೂಕಿನ ಕುಲಗೋಡದ ತಮ್ಮಣ್ಣ. ಅಂದರೆ ಗೋಕಾಕ ಸೀಮೆಯ ಜಾನಪದ ರಂಗಭೂಮಿಯ ಕಿರೀಟವೇ ಬೇರೆ ಸೀಮೆಯಿಂದ ಬಂದ ಕಾವ್ಯದ ಮೇಲೆ ನಿಂತಿದೆ. ಮೂಲ ಕಥೆ ಪುರಾಣದ್ದು, ಹಾಡುಗಾರಿಕೆಯಲ್ಲಿ ಶಾಸ್ತ್ರೀಯ ರಾಗಗಳ ನೆರಳಿದೆ, ಹಳ್ಳಿಯ ಮಟ್ಟುಗಳ ಬಿಸಿಯಿದೆ, ಹಿಮ್ಮೇಳದಲ್ಲಿ ಹಾರ್ಮೋನಿಯಂ, ತಬಲಾ, ತಾಳಗಳಿವೆ. ಗೊಲ್ಲತಿಯ ಮಾತಿನಲ್ಲಿ ಮಾತ್ರ ಬೆಳಗಾವಿ ಜಿಲ್ಲೆಯ ಹೊಲಮನೆಯ ಕನ್ನಡ ಅಚ್ಚಳಿಯದೆ ಕೇಳುತ್ತದೆ. ಕೌಜಲಗಿ ನಿಂಗಮ್ಮನಂಥ ಕಲಾವಿದೆ ಈ ಆಟವನ್ನು ಊರೂರಿಗೆ ಒಯ್ದು ಮನೆಮಾತಾದದ್ದು ಅದರ ಸಂಗೀತ ಶುದ್ಧ ದೇಸಿಯೆಂಬ ಕಾರಣಕ್ಕೆ ಅಲ್ಲ. ಎಲ್ಲಿಂದಲೋ ಬಂದ ಸ್ವರಗಳಲ್ಲಿ ಸತ್ಯಭಾಮೆಯ ಸಿಟ್ಟು, ಸೆಡವು, ಸಂಕಟ ನಮ್ಮ ಓಣಿಯ ಹೆಣ್ಣುಮಗಳ ಮಾತಾಗಿ ಹೊಮ್ಮಿದ್ದರಿಂದ ಜನ ಅದನ್ನು ತಮ್ಮದೆಂದರು. ಕಡ ತಂದದ್ದನ್ನು ಒಪ್ಪಿಸಿಕೊಳ್ಳುವ ಶಕ್ತಿ ಇದ್ದದ್ದು ಮಾತಿನಲ್ಲಿ, ಆ ಮಾತು ಊರಿನ ಬದುಕನ್ನು ಬಲ್ಲದ್ದಾಗಿದ್ದರಲ್ಲಿ.

ಹಾರ್ಮೋನಿಯಂ ಕಥೆ ಇನ್ನೂ ಸ್ಪಷ್ಟ. ಇಂದು ಭಜನೆಯ ಗುಡಿಯಲ್ಲಿ, ಸಣ್ಣಾಟದ ಅಟ್ಟದಲ್ಲಿ, ಮಠದ ಪುರಾಣದಲ್ಲಿ ‘ಪೆಟಿಗಿ’ ಇಲ್ಲದೆ ಹಾಡು ಏಳುವುದೇ ಇಲ್ಲ. ಅದು ನಮ್ಮ ಅಜ್ಜಂದಿರ ವಾದ್ಯವೆಂದೇ ನಾವು ನಂಬಿದ್ದೇವೆ. ಆದರೆ ಅದು 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನಲ್ಲಿ ರೂಪ ಪಡೆದ ವಾದ್ಯ. ನೆಲದ ಮೇಲೆ ಕೂತು ಒಂದು ಕೈಯಿಂದ ತಿದಿ ಒತ್ತಿ ನುಡಿಸುವ ಹಾಗೆ ಕಲಕತ್ತೆಯಲ್ಲಿ ಅದು ಮಾರ್ಪಟ್ಟು ದೇಶವೆಲ್ಲ ಹರಡಿತು. ಭಾರತೀಯ ಸಂಗೀತದ ಶುದ್ಧಿಯನ್ನು ಕಾಯಬೇಕೆಂದವರಿಗೆ ಅದು ಪರಕೀಯವಾಗಿ ಕಂಡಿತು. 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿ, 1971ರ ಹೊತ್ತಿಗೆ ಆ ನಿಷೇಧವನ್ನು ಸಡಿಲಿಸಿತು. 1950ರಲ್ಲಿ ಧಾರವಾಡ ಆಕಾಶವಾಣಿ ಕೇಂದ್ರ ಆರಂಭವಾದಾಗಲೂ ಆ ಕಟ್ಟು ಜಾರಿಯಲ್ಲಿತ್ತು. ಆ 30 ವರ್ಷಗಳಲ್ಲಿ ನಿಷೇಧ ಹಾಕಿದವರ ಬಾಗಿಲ ಹೊರಗೆ ಹಳ್ಳಿಯ ಹಾಡುಗಾರರು ಆ ಪೆಟಿಗಿಯನ್ನೇ ಮುಂದಿಟ್ಟುಕೊಂಡು ಪಾರಿಜಾತವನ್ನೂ ತತ್ವಪದವನ್ನೂ ಬಾಳಿಸಿದರು. ಅಂದು ಹಾರ್ಮೋನಿಯಂ ಬಗ್ಗೆ ಎತ್ತಿದ ಆಕ್ಷೇಪವನ್ನೇ ಇಂದು ಕೀಬೋರ್ಡಿನ ಬಗ್ಗೆ ಎತ್ತುತ್ತಿದ್ದೇವೆ. ವಾದ್ಯದ ಹುಟ್ಟೂರು ನೋಡಿ ಹಾಡಿನ ಜಾತಿ ನಿರ್ಧರಿಸುವವರಿಗೆ ಈ ಇತಿಹಾಸ ಪಾಠವಾಗಬೇಕು.

ಲಾವಣಿ, ಗೀಗೀ ಪದಗಳ ಮಾತಿಗೆ ಬಂದರೆ ಕಡ ತರುವುದು ಅಪವಾದವಲ್ಲ, ಅದೇ ಅಲ್ಲಿಯ ರೂಢಿ. ಭಜನೆ ಪದಗಳ, ಸಣ್ಣಾಟದ ಹಾಡುಗಳ ಹಳೆಯ ಪುಸ್ತಕ ತೆರೆದರೆ ಪದದ ನೆತ್ತಿಯ ಮೇಲೆ ಅದು ಯಾವ ಹಾಡಿನ ಧಾಟಿಯಲ್ಲಿದೆ ಎಂದು ಅಚ್ಚಾಗಿರುತ್ತದೆ. ಅದು ಕೆಲವೊಮ್ಮೆ ಹಳೆಯ ಪದದ ಧಾಟಿ, ಕೆಲವೊಮ್ಮೆ ನಾಟಕ ಕಂಪನಿಯ ಹಾಡಿನದು, ಕೆಲವೊಮ್ಮೆ ಸಿನಿಮಾ ಹಾಡಿನದು. ಕವಿ ಅದನ್ನು ಮುಚ್ಚಿಡುತ್ತಿರಲಿಲ್ಲ, ಹಾಡುವವರಿಗೆ ಅನುಕೂಲವಾಗಲೆಂದು ತಾನೇ ಹೇಳುತ್ತಿದ್ದ. ಇನ್ನು ಹರದೇಶಿ–ನಾಗೇಶಿಯ ವಾದಪದ್ಧತಿ ಮಹಾರಾಷ್ಟ್ರದ ಕಲ್ಗಿ–ತುರಾ ಲಾವಣಿಯ ಒಡಹುಟ್ಟು. ಶಿವ ಹೆಚ್ಚೋ ಶಕ್ತಿ ಹೆಚ್ಚೋ ಎಂಬ ಆ ಜಗಳ ಗಡಿ, ಭಾಷೆಗಳನ್ನು ದಾಟಿ ಓಡಾಡಿದ್ದು. ಕೃಷ್ಣೆ, ಘಟಪ್ರಭೆ, ಮಲಪ್ರಭೆಯ ದಂಡೆಯ ಮೇಳಗಳು ಅದನ್ನು ತಂದು ದಪ್ಪು, ತುಂತುಣಿ, ತಾಳ ಕೂಡಿಸಿ ಇಲ್ಲಿನ ಗಾದೆ, ಇಲ್ಲಿನ ಬೈಗುಳ, ಇಲ್ಲಿನ ಒಗಟು ತುಂಬಿ ಹಾಡಿದವು. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಹುಲಕುಂದದ ಭೀಮಕವಿಯಂಥವರು ಇದೇ ಮಟ್ಟುಗಳಲ್ಲಿ ದೇಶದ ಹೊಸ ಸುದ್ದಿಯನ್ನು ಹಳ್ಳಿಗೆ ಮುಟ್ಟಿಸಿದರು. ಧಾಟಿ ಹಳೆಯದಿರಲಿ, ಪರದೇಶದ್ದಿರಲಿ, ಅದರಲ್ಲಿ ಏನು ತುಂಬಿದೆ ಎಂಬುದರ ಮೇಲೆ ಪದದ ಬೆಲೆ ಕಟ್ಟುವುದು ಆ ಕೇಳುಗರಿಗೆ ಗೊತ್ತಿತ್ತು.

ಇಲ್ಲಿ ಒಂದು ಗಂಭೀರ ಆಕ್ಷೇಪ ಎದುರಾಗುತ್ತದೆ. ಜಾನಪದಕ್ಕೆ ಕರ್ತೃವಿಲ್ಲ, ಅದು ಸಮುದಾಯದ ಸೃಷ್ಟಿ. ತಾನೇ ಬರೆದು, ತಾನೇ ಹಾಡಿ, ತನ್ನ ಹೆಸರಿನ ಆಲ್ಬಮ್ ಮಾಡುವವನನ್ನು ಜಾನಪದ ಗಾಯಕ ಎನ್ನುವುದೇ ತಪ್ಪು ಎನ್ನುತ್ತಾರೆ ಕೆಲವು ವಿದ್ವಾಂಸರು. ಬೀಸುವ ಪದ, ಸೋಬಾನೆ ಪದಗಳನ್ನು ಮುಂದಿಟ್ಟುಕೊಂಡರೆ ಈ ಮಾತು ನಿಜ. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಕಲನವನ್ನು ಹೊರತಂದಾಗ ಆ ತ್ರಿಪದಿಗಳ ಹಿಂದಿನ ಹೆಣ್ಣುಮಕ್ಕಳ ಹೆಸರು ಸಿಗುವಂತಿರಲಿಲ್ಲ. ಆದರೆ ಗಂಡಸರು ಬಯಲಲ್ಲಿ ನಿಂತು ಹಾಡಿದ ಪರಂಪರೆ ಬೇರೆ. ಲಾವಣಿಯ ಕೊನೆಗೆ ಕವಿಯ ಹೆಸರು, ಅವನ ಊರು, ಅವನ ಗುರು, ಊರ ದೇವರು ಅಂಕಿತವಾಗಿ ಬರಲೇಬೇಕು. 1880ರ ದಶಕದಲ್ಲಿ ಜೆ.ಎಫ್. ಫ್ಲೀಟ್ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿಯೂ ಸೇರಿದಂತೆ ಈ ಭಾಗದ ಕಥನಗೀತೆಗಳನ್ನು ಅಚ್ಚು ಹಾಕಿಸಿದ. ಆಗಿನ್ನೂ ಹಸಿಯಾಗಿದ್ದ ಚರಿತ್ರೆಯನ್ನು ಕಟ್ಟಿ ಹಾಡಿದವರು ಕಟ್ಟುವ ಕಸುಬು ಬಲ್ಲ ಕವಿಗಳೇ. ಬೈಲಹೊಂಗಲದಲ್ಲಿ ನಡೆದ ಕೊಲೆಯನ್ನು ‘ಸಂಗ್ಯಾ ಬಾಳ್ಯಾ’ ಸಣ್ಣಾಟವಾಗಿಸಿದ ಪತ್ತಾರ ಮಾಸ್ತರರಿಗೂ ಹೆಸರಿದೆ. ಹಾಡು ಕಟ್ಟಿದವನ ಹೆಸರು ಗೊತ್ತಿದ್ದ ಮಾತ್ರಕ್ಕೆ ಅದು ಜನಪದರದ್ದಾಗದೆ ಉಳಿಯಲಿಲ್ಲ. ನೂರಾರು ಬಾಯಿಗಳಲ್ಲಿ ತಿದ್ದಿಕೊಂಡು, ಮುಂದಿನ ಮೇಳದವರ ಕೈಯಲ್ಲಿ ಹಿಗ್ಗಿಕೊಂಡು ಅದು ಎಲ್ಲರದ್ದಾಯಿತು.

20ನೆಯ ಶತಮಾನದಲ್ಲಿ ಈ ಸೀಮೆ ಇನ್ನೂ ದೊಡ್ಡ ಉದಾಹರಣೆಗಳನ್ನು ಕೊಟ್ಟಿತು. 1900ರಲ್ಲಿ ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ ಹುಟ್ಟಿದ ಆನಂದಕಂದರು, ಅಂದರೆ ಬೆಟಗೇರಿ ಕೃಷ್ಣಶರ್ಮರು, ‘ಜಯಂತಿ’ ಪತ್ರಿಕೆಯನ್ನು ನಡೆಸಿದ ವಿದ್ವಾಂಸರು. ಅವರು ಹಳ್ಳಿಯ ಆಡುಮಾತಿನಲ್ಲಿ ಬರೆದ ‘ನಲ್ವಾಡುಗಳು’ ಎಷ್ಟು ಸಹಜವಾಗಿದ್ದುವೆಂದರೆ, ಅವುಗಳನ್ನು ಹಾಡಿದ ಅನೇಕರಿಗೆ ಅದು ಒಬ್ಬ ಕವಿಯ ರಚನೆಯೆಂಬುದೇ ಹೊಳೆಯಲಿಲ್ಲ. 1911ರಲ್ಲಿ ಮುರಗೋಡದಲ್ಲಿ ಹುಟ್ಟಿದ ಹುಕ್ಕೇರಿ ಬಾಳಪ್ಪ ಸ್ವಾತಂತ್ರ್ಯದ ಹಾಡು, ಹಳ್ಳಿಯ ಪದ, ನವೋದಯದ ಕವಿಗಳ ಗೀತೆ ಎಲ್ಲವನ್ನೂ ಒಂದೇ ಕೊರಳಿನಲ್ಲಿ ಹಾಡಿ ‘ಸಾವಿರ ಹಾಡುಗಳ ಸರದಾರ’ ಎನ್ನಿಸಿಕೊಂಡರು. ಅವರ ಮುಂದೆ ಕೂತ ಜನ ಯಾವುದು ಅಚ್ಚ ಜಾನಪದ, ಯಾವುದು ಬರೆದ ಕವಿತೆ ಎಂದು ವಿಂಗಡಿಸಿ ಕೇಳಲಿಲ್ಲ. ಮುಂದೆ ಕ್ಯಾಸೆಟ್ಟಿನ ಕಾಲ ಬಂದಾಗ ಗುರುರಾಜ ಹೊಸಕೋಟೆಯವರ ಹಾಡುಗಳು ಉತ್ತರ ಕರ್ನಾಟಕದ ಬಸ್ಸು, ಹೋಟೆಲು, ಮದುವೆಮನೆಗಳನ್ನು ತುಂಬಿದವು. ಬರೆಯುವವನೇ ಹಾಡುವ, ಹೊಸ ಯಂತ್ರವನ್ನು ಹಿಂಜರಿಯದೆ ಬಳಸುವ ಹಾಡುಗಾರ ಯೂಟ್ಯೂಬಿನ ಜೊತೆಗೆ ಹುಟ್ಟಿದವನಲ್ಲ, ಅವನಿಗೆ ಇಲ್ಲಿ ಉದ್ದದ ವಂಶಾವಳಿ ಇದೆ.

ಆ ವಂಶದ ಅತಿ ಎತ್ತರದ ಹೆಸರು ಹುಕ್ಕೇರಿ ತಾಲೂಕಿನ ಘೋಡಗೇರಿಯದು. ಚಂದ್ರಶೇಖರ ಕಂಬಾರರು ಹುಟ್ಟಿದ್ದು ಅಲ್ಲಿ, 1937ರ ಜನವರಿ 2ರಂದು. ಅವರನ್ನು ನಾವು ಕವಿ, ನಾಟಕಕಾರ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿ, 2010ರ ಸಾಲಿನ ಜ್ಞಾನಪೀಠ ಪುರಸ್ಕೃತರು ಎಂದು ನೆನೆಯುತ್ತೇವೆ. ಅವರು ಹಾಡು ಕಟ್ಟಿ, ಧಾಟಿ ಕೂಡಿಸಿ, ತಾವೇ ಹಾಡುವ ಹಾಡುಗಾರರೆಂಬುದು ಈ ಚರ್ಚೆಗೆ ಹೆಚ್ಚು ಮುಖ್ಯ. 1964ರ ‘ಹೇಳತೇನ ಕೇಳ’ ಲಾವಣಿಯ ಲಯವನ್ನು ಹೊಸ ಕಾವ್ಯಕ್ಕೆ ತಂದಿತು, 1972ರ ‘ಜೋಕುಮಾರಸ್ವಾಮಿ’ ಬಯಲಾಟವನ್ನು ಆಧುನಿಕ ರಂಗಭೂಮಿಗೆ ತಂದಿತು. ತಾವೇ ನಿರ್ದೇಶಿಸಿದ ‘ಕಾಡು ಕುದುರೆ’ ಚಿತ್ರಕ್ಕೆ ಅವರೇ ಸಂಗೀತವನ್ನೂ ಕೊಟ್ಟರು, ಅದರ ಹಾಡಿಗಾಗಿ ಶಿವಮೊಗ್ಗ ಸುಬ್ಬಣ್ಣ ರಾಷ್ಟ್ರಪ್ರಶಸ್ತಿ ಪಡೆದರು. ಈ ಹಾಡುಗಳಲ್ಲಿ ಕೇಳುವ ಮಟ್ಟು ಘಟಪ್ರಭೆಯ ದಂಡೆಯದ್ದೇ, ಆದರೆ ಅದರ ಮೂಲಕ ನುಡಿದದ್ದು ಜಗತ್ತಿನ ನಾಟಕ, ಕಾವ್ಯ ಓದಿ, ಷಿಕಾಗೋದಲ್ಲಿ ಪಾಠ ಹೇಳಿ ಬಂದ ಒಬ್ಬನ ಕಲ್ಪನೆ. ಅವರ ಕೃತಿಗಳಲ್ಲಿ ಬರುವ ಶಿವಾಪುರ ಎಂಬ ಊರು ಘೋಡಗೇರಿಯೂ ಹೌದು, ಯಾವ ನಕಾಶೆಯಲ್ಲೂ ಇಲ್ಲದ ಊರೂ ಹೌದು. ಹೊರಗಿನದನ್ನು ಬೆರೆಸಿದ್ದಕ್ಕೆ ಕಂಬಾರರನ್ನು ಯಾರೂ ಜಾನಪದದಿಂದ ಹೊರಗಿಡಲಿಲ್ಲ. ಓದಿದವರು ಬೆರೆಸಿದರೆ ಅದು ಪ್ರಯೋಗ, ಟ್ರ್ಯಾಕ್ಟರ್ ಓಡಿಸುವವನು ಬೆರೆಸಿದರೆ ಅದು ಕಲಬೆರಕೆ ಎಂಬ ಎರಡು ಅಳತೆಯನ್ನು ನಾವು ಇಟ್ಟುಕೊಳ್ಳುವುದು ಅನ್ಯಾಯ. ಇಬ್ಬರಿಗೂ ಒಂದೇ ಪ್ರಶ್ನೆ ಕೇಳಬೇಕು: ತಂದದ್ದರಿಂದ ನಿಮ್ಮ ಊರಿನ ಬಗ್ಗೆ ಹೊಸದೇನು ಹೇಳಿದಿರಿ?

ಜಗತ್ತಿನಲ್ಲಿ ಇದೇ ಪ್ರಶ್ನೆಯನ್ನು ಎದುರಿಸಿದ ಇನ್ನೊಂದು ಹಳ್ಳಿಯ ಸಂಗೀತ ಅಮೆರಿಕದ ಕಂಟ್ರಿ. ಅದರ ಕಡೆಗೊಮ್ಮೆ ನೋಡುವುದರಿಂದ ನಮ್ಮ ಚರ್ಚೆ ತಿಳಿಯಾಗುತ್ತದೆ. 1927ರ ಬೇಸಿಗೆಯಲ್ಲಿ ವಿಕ್ಟರ್ ಕಂಪನಿಯ ರಾಲ್ಫ್ ಪೀರ್ ಟೆನೆಸ್ಸಿಯ ಬ್ರಿಸ್ಟಲ್ ಪಟ್ಟಣದಲ್ಲಿ ಧ್ವನಿಮುದ್ರಣದ ಯಂತ್ರ ಹೂಡಿ ಸುತ್ತಲಿನ ಹಳ್ಳಿಯ ಹಾಡುಗಾರರನ್ನು ಕರೆದ. ಕಾರ್ಟರ್ ಕುಟುಂಬ, ಜಿಮ್ಮಿ ರಾಡ್ಜರ್ಸ್ ಬೆಳಕಿಗೆ ಬಂದದ್ದು ಅಲ್ಲಿ. ಅಚ್ಚ ಬೆಟ್ಟಸೀಮೆಯ ಬಿಳಿಯರ ಸಂಗೀತವೆಂದು ಮಾರಾಟವಾದ ಆ ಹಾಡಿನ ಬ್ಯಾಂಜೋ ಆಫ್ರಿಕದಿಂದ ಗುಲಾಮರಾಗಿ ತಂದವರ ಕೈಯಲ್ಲಿ ಹುಟ್ಟಿದ್ದು, ಸ್ಟೀಲ್ ಗಿಟಾರು ಹವಾಯಿ ದ್ವೀಪದ್ದು, ರಾಡ್ಜರ್ಸನ ಯೋಡಲ್ ಕೂಗಿನ ಬೇರು ಆಲ್ಪ್ಸ್ ಪರ್ವತದ ಕಡೆಯದು. ಮುಂದೆ ವುಡಿ ಗತ್ರಿ 1940ರಲ್ಲಿ ತನ್ನ ಅತಿ ಪ್ರಸಿದ್ಧ ಹಾಡನ್ನು ಕಾರ್ಟರ್ ಕುಟುಂಬದ ಒಂದು ಭಕ್ತಿಗೀತೆಯ ಧಾಟಿಯಲ್ಲಿ ಬರೆದು, ಭೂಮಿ ಯಾರದು ಎಂಬ ಪ್ರಶ್ನೆಯನ್ನು ಅದರಲ್ಲಿ ತುಂಬಿದ. ಬಾಬ್ ಡಿಲನ್ 1965ರಲ್ಲಿ ವಿದ್ಯುತ್ ಗಿಟಾರು ಹಿಡಿದಾಗ ಜಾನಪದದ ಅಭಿಮಾನಿಗಳು ದ್ರೋಹವೆಂದು ಕೂಗಿದರು. ಅವನು 1969ರಲ್ಲಿ ನ್ಯಾಶ್‌ವಿಲ್‌ಗೆ ಹೋಗಿ ಕಂಟ್ರಿ ಧಾಟಿಯ ಆಲ್ಬಮ್ ಮಾಡಿ ಇನ್ನೊಮ್ಮೆ ಬೆರಗು ಹುಟ್ಟಿಸಿದ. ಆ ಕೂಗೆಲ್ಲ ಮರೆತುಹೋಗಿ ಹಾಡು ಉಳಿದಿದೆ. ಟ್ರಕ್ಕಿನ ಚಾಲಕನನ್ನು ನಾಯಕನಾಗಿಸಿದ ಡೇವ್ ಡಡ್ಲಿಯ 1963ರ ಹಾಡಿಗೂ ನಮ್ಮ ಡ್ರೈವರ ಹಾಡುಗಳಿಗೂ ಪರಸ್ಪರ ಪರಿಚಯವಿರಬೇಕೆಂದಿಲ್ಲ. ಚಕ್ರದ ಹಿಂದೆ ಕೂತು ದುಡಿಯುವವನು ತನ್ನ ದುಡಿಮೆಯನ್ನು ಹಾಡಾಗಿ ಕೇಳಬಯಸುವುದು ಎರಡೂ ಕಡೆ ಒಂದೇ.

ಆದರೆ ಕಂಟ್ರಿಯ ಚರಿತ್ರೆ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ. ಕಾರ್ಟರ್ ಕುಟುಂಬದ ಎ.ಪಿ. ಕಾರ್ಟರ್ ಹಾಡು ಹುಡುಕುತ್ತ ಬೆಟ್ಟದ ಊರುಗಳನ್ನು ಅಲೆಯುವಾಗ ಜೊತೆಗಿದ್ದವನು ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕ. ಕಾರ್ಟರ್ ಮಾತುಗಳನ್ನು ಬರೆದುಕೊಂಡರೆ ರಿಡಲ್ ಧಾಟಿಗಳನ್ನು ನೆನಪಿನಲ್ಲಿ ಹಿಡಿದು ತರುತ್ತಿದ್ದ. ಹಕ್ಕುಪತ್ರಗಳಲ್ಲಿ ಬಂದದ್ದು ಕಾರ್ಟರನ ಹೆಸರು, ರಿಡಲ್‌ನನ್ನು ಲೋಕ ಗುರುತಿಸಲು 1960ರ ದಶಕದವರೆಗೆ ಕಾಯಬೇಕಾಯಿತು. ಕಡ ತಂದದ್ದು ತಪ್ಪಾಗಿರಲಿಲ್ಲ, ಕೊಟ್ಟವನ ಹೆಸರು ಅಳಿಸಿದ್ದು ತಪ್ಪಾಗಿತ್ತು. ಇದೇ ಅಪಾಯ ನಮ್ಮ ಹೊಸ ಹಾಡುಗಳಿಗೂ ಇದೆ. ಹಿಟ್ ಆದ ಒಂದು ಹಾಡು ಹತ್ತು ಕಡೆ ರಿಮಿಕ್ಸ್ ಆಗಿ ಹೊರಬೀಳುವಾಗ ಡಿಜೆಯ ಹೆಸರು ದೊಡ್ಡದಾಗಿ ಕಾಣುತ್ತದೆ, ಸಾಹಿತ್ಯ ಬರೆದವನ ಹೆಸರು ಸಣ್ಣದಾಗಿ ಕಾಣುತ್ತದೆ ಅಥವಾ ಕಾಣುವುದೇ ಇಲ್ಲ. ಹಳೆಯ ಪದದ ಪಲ್ಲವಿ ಎತ್ತಿಕೊಂಡು ತನ್ನದೆಂದು ಹಾಕಿಕೊಳ್ಳುವುದೂ ನಡೆಯುತ್ತದೆ. 2012ರ ಹಕ್ಕುಸ್ವಾಮ್ಯ ತಿದ್ದುಪಡಿ ಹಾಡಿನ ಸಾಹಿತ್ಯ ಬರೆದವರಿಗೂ ಸಂಗೀತ ಕೂಡಿಸಿದವರಿಗೂ ಗೌರವಧನದಲ್ಲಿ ಬಿಟ್ಟುಕೊಡಲಾಗದ ಪಾಲನ್ನು ಕೊಟ್ಟಿದೆ. ಒಮ್ಮೆ ಕೈಗೆ ಬಂದ ಸಣ್ಣ ಮೊತ್ತಕ್ಕೆ ಹಾಡನ್ನೇ ಕೊಟ್ಟುಬಿಡುವ ಹಳ್ಳಿಯ ಹುಡುಗನಿಗೆ ಈ ಕಾನೂನನ್ನು ತಿಳಿಸಿ ಹೇಳುವವರು ಬೇಕು. ಲಾವಣಿಕಾರರ ಅಂಕಿತ ಕೇವಲ ಅಲಂಕಾರವಾಗಿರಲಿಲ್ಲ. ಅದು ಕವಿಯ ಹಕ್ಕನ್ನೂ ಹೊಣೆಯನ್ನೂ ಒಟ್ಟಿಗೆ ಸಾರುವ ಏರ್ಪಾಡಾಗಿತ್ತು.

ಹೊಣೆಯ ಮಾತು ಬಂದಾಗ ಎರಡನೆಯ ಕಟ್ಟಳೆ ಎದುರಿಗೆ ನಿಲ್ಲುತ್ತದೆ. ಇದನ್ನು ನಾವು ಹೆಚ್ಚು ಕಳೆದುಕೊಂಡಿದ್ದೇವೆ. ಹರದೇಶಿಯವನು ಗಂಡು ಹೆಚ್ಚೆಂದು ಹಾಡಿದರೆ ಅದೇ ರಾತ್ರಿ, ಅದೇ ಅಟ್ಟದ ಮೇಲೆ, ಅದೇ ಜನರ ಮುಂದೆ ನಾಗೇಶಿಯವರು ಹೆಣ್ಣು ಹೆಚ್ಚೆಂದು ತಿರುಗಿ ಹಾಡುತ್ತಿದ್ದರು. ಸವಾಲು ಹಾಕಿದವನು ಜವಾಬು ಕೇಳಿಯೇ ಅಟ್ಟ ಇಳಿಯಬೇಕು. ಹೆಣ್ಣನ್ನು ಹೀಗಳೆದು ಸುಮ್ಮನೆ ಮನೆಗೆ ಹೋಗುವ ಅವಕಾಶವನ್ನು ಆ ಪದ್ಧತಿ ಕೊಡಲಿಲ್ಲ. ಪಾರಿಜಾತದ ಜೀವಾಳವೂ ಇದೇ: ದೇವರೆನಿಸಿಕೊಂಡ ಗಂಡನನ್ನು ಹೆಂಡತಿ ಎದುರಿಗೆ ನಿಂತು ಕೇಳುತ್ತಾಳೆ, ಗೊಲ್ಲತಿ ಕೃಷ್ಣನ ಮಾತಿಗೆ ಮಾತು ಕೊಡುತ್ತಾಳೆ. ಕಂಟ್ರಿ ಸಂಗೀತದಲ್ಲೂ ಇಂಥ ಘಳಿಗೆ ಬಂದಿತ್ತು. 1952ರಲ್ಲಿ ಹ್ಯಾಂಕ್ ಥಾಂಪ್ಸನ್ ಬಿಟ್ಟುಹೋದ ಹೆಣ್ಣನ್ನು ದೂರುವ ಹಾಡು ಹಾಡಿ ಗೆದ್ದಾಗ, ಅದೇ ವರ್ಷ ಕಿಟ್ಟಿ ವೆಲ್ಸ್ ಅದೇ ಧಾಟಿಯಲ್ಲಿ ಜವಾಬು ಹಾಡಿ, ಹೆಣ್ಣು ಕೆಟ್ಟಳೆನ್ನುವುದಕ್ಕೆ ಗಂಡಿನ ಪಾಲೆಷ್ಟು ಎಂದು ಕೇಳಿದಳು. ಕೆಲವರು ಅದರ ಪ್ರಸಾರಕ್ಕೆ ತಡೆ ಹಾಕಿದರೂ ಹಾಡು ಪಟ್ಟಿಯ ಮೊದಲ ಸ್ಥಾನಕ್ಕೇರಿ, ಕಂಟ್ರಿಯಲ್ಲಿ ಹೆಣ್ಣುಮಕ್ಕಳಿಗೆ ದಾರಿ ತೆರೆಯಿತು. ಧಾಟಿ ಕಡ ತರುವುದರ ಅತಿ ದೊಡ್ಡ ಉಪಯೋಗ ಇದು: ಎದುರಾಳಿಯ ಮಟ್ಟಿನಲ್ಲೇ ಅವನಿಗೆ ಉತ್ತರ ಕೊಡುವುದು.

ಇಂದಿನ ಜಾನಪದ ಆಲ್ಬಮ್ಮುಗಳಲ್ಲಿ ಪ್ರೀತಿಸಿ ಕೈಕೊಟ್ಟ ಹುಡುಗಿಯ ಮೇಲಿನ ದೂರು ಮತ್ತೆ ಮತ್ತೆ ಬರುತ್ತದೆ. ಶ್ರೀಮಂತನನ್ನು ಮದುವೆಯಾಗಿ ಹೋದವಳು, ಫೋನು ಎತ್ತದವಳು, ಬಡವನ ಮನಸ್ಸು ಮುರಿದವಳು. ಹುಡುಗನ ನೋವು ಸುಳ್ಳಲ್ಲ. ಜಮೀನು ತುಂಡಾಗಿ, ಕೆಲಸ ಗಟ್ಟಿಯಿಲ್ಲದೆ, ಮದುವೆಗೆ ಹೆಣ್ಣು ಸಿಗದ ತರುಣರ ಸಂಕಟ ಈ ಹಾಡುಗಳ ಒಳಗೆ ನಿಜವಾಗಿ ಮಿಡಿಯುತ್ತದೆ, ಅದನ್ನು ಕೀಳಾಗಿ ಕಾಣುವವರು ಹಳ್ಳಿಯನ್ನು ಬಲ್ಲವರಲ್ಲ. ಆದರೆ ಆ ಹುಡುಗಿಯ ಜವಾಬು ಎಲ್ಲಿ? ಮದುವೆಯ ತೀರ್ಮಾನದಲ್ಲಿ ಅವಳ ಮಾತಿಗೆ ಎಷ್ಟು ಬೆಲೆಯಿತ್ತು, ಓದು ಬಿಡಿಸಿದವರು ಯಾರು, ಫೋನು ಕಸಿದುಕೊಂಡವರು ಯಾರು ಎಂದು ಹಾಡಲು ಅವಳಿಗೆ ಅಟ್ಟವಿಲ್ಲ. ಯುಗಳಗೀತೆಗಳಲ್ಲಿ ಹೆಣ್ಣಿನ ಕೊರಳು ಕೇಳುತ್ತದೆ ನಿಜ, ಬಹಳಷ್ಟು ಸಲ ಆ ಸಾಲುಗಳನ್ನೂ ಗಂಡಸೇ ಬರೆದಿರುತ್ತಾನೆ. ನಾಗೇಶಿಯಿಲ್ಲದ ಹರದೇಶಿ ಅರ್ಧ ಪರಂಪರೆ. ಜಾನಪದ ಹಾಳಾಯಿತೆಂದು ಕೀಬೋರ್ಡಿನ ಕಡೆ ಕೈ ತೋರಿಸುವವರು ಈ ಮೌನವನ್ನು ಗಮನಿಸಿದರೆ ಅವರ ಕಳವಳಕ್ಕೆ ಸರಿಯಾದ ಗುರಿ ಸಿಗುತ್ತದೆ.

ವಾದ್ಯಗಳ ವಿಷಯದಲ್ಲಿ ಎತ್ತುವ ಒಂದು ಆಕ್ಷೇಪವನ್ನು ಮಾತ್ರ ಹಗುರಾಗಿ ತಳ್ಳಿಹಾಕುವಂತಿಲ್ಲ. ಕರಡಿ ಮಜಲು, ಸಂಬಾಳ, ಚೌಡಕಿ, ದಪ್ಪುಗಳನ್ನು ನಂಬಿ ಬದುಕಿದ ಕುಟುಂಬಗಳಿವೆ. ಒಂದು ಕೀಬೋರ್ಡು ಹತ್ತು ವಾದ್ಯದ ದನಿ ಹೊರಡಿಸಿದರೆ ಅವರ ಅನ್ನಕ್ಕೆ ಕುತ್ತು, ಕೈಯಲ್ಲಿದ್ದ ವಿದ್ಯೆ ಮುಂದಿನ ತಲೆಮಾರಿಗೆ ಇಳಿಯುವುದೂ ನಿಲ್ಲುತ್ತದೆ. ಈ ನಷ್ಟ ನಿಜವಾದದ್ದು. ಆದರೆ ಇದಕ್ಕೆ ಹಾಡುಗಾರನ ಧಾಟಿಯನ್ನು ದೂರಿದರೆ ಪರಿಹಾರ ಸಿಗುವುದಿಲ್ಲ. ಜಾತ್ರೆಯ ಖರ್ಚಿನಲ್ಲಿ ಡಿಜೆಗೆ ಎಷ್ಟು, ಮಜಲಿನ ಮೇಳಕ್ಕೆ ಎಷ್ಟು ಎಂದು ಗೊತ್ತುಮಾಡುವವರು ಊರಿನ ಹಿರಿಯರು. ಮೇಳದವರಿಗೆ ನ್ಯಾಯವಾದ ಸಂಭಾವನೆ ಸಿಗದಿದ್ದರೆ ಅವರ ಮಕ್ಕಳು ಕರಡಿ ಹಿಡಿಯುವುದಿಲ್ಲ. ಹೊಸ ಧ್ವನಿಮುದ್ರಣ ಈ ವಾದ್ಯಗಳ ವೈರಿಯಾಗಲೇಬೇಕೆಂದಿಲ್ಲ. ರಘು ದೀಕ್ಷಿತ್ 2008ರ ತಮ್ಮ ಆಲ್ಬಮ್ಮಿನಲ್ಲಿ ಗಿಟಾರಿನ ಜೊತೆ ಶಿಶುನಾಳ ಷರೀಫರನ್ನು ಹಾಡಿದಾಗ ನಗರದ ಒಂದು ತಲೆಮಾರು ಮೊದಲ ಸಲ ಷರೀಫರ ಪದಕ್ಕೆ ಕಿವಿಗೊಟ್ಟಿತು. ಗಿಟಾರಿನ ಮಗ್ಗುಲಲ್ಲಿ ಚೌಡಕಿಯನ್ನು ಕೂರಿಸುವ ಧೈರ್ಯ ಗೋಕಾಕದ ಹಾಡುಗಾರನಿಗೂ ಬರಬೇಕು, ಅದಕ್ಕೆ ಖರ್ಚು ಮಾಡುವ ಕಂಪನಿಯೂ ಬೇಕು.

ಇದೆಲ್ಲ ಮನರಂಜನೆಯ ಹಾಡು, ದುಡಿದು ದಣಿದವರ ಖುಷಿಗಾಗಿ ಇರುವಂಥದ್ದು, ಇದರ ಮೇಲೆ ಇಷ್ಟು ಭಾರ ಹೇರುವುದೇಕೆ ಎಂದು ಕೇಳುವವರೂ ಇದ್ದಾರೆ. ಖುಷಿಗಾಗಿಯೇ ಇದ್ದ ಲಾವಣಿಗಳು ಕೊಲೆ, ಕಲಹ, ಬಂಡಾಯ, ರಾಜಕಾರಣ ಎಲ್ಲವನ್ನೂ ಹಾಡಿದ್ದವು ಎಂಬುದೇ ಅವರಿಗೆ ಉತ್ತರ. ಈ ಮೂರು ತಾಲೂಕುಗಳಲ್ಲಿ ಹಾಡಾಗಲು ಕಾಯುತ್ತಿರುವ ವಸ್ತುವಿಗೆ ಬರವಿಲ್ಲ. ಗೋಕಾಕ ಜಲಪಾತದ ನೀರಿನಿಂದ 1880ರ ದಶಕದಿಂದಲೇ ನಡೆದ ನೂಲಿನ ಗಿರಣಿ, ಅದರ ಮೇಲೆ ಬಾಳಿದ ಕಾರ್ಮಿಕರ ತಲೆಮಾರುಗಳು ಇವೆ. ಹಿಡಕಲ್ ಅಣೆಕಟ್ಟೆಗೆ ಊರು ಬಿಟ್ಟವರಿದ್ದಾರೆ, ಅದರ ಕಾಲುವೆಯಿಂದ ಜೋಳದ ಹೊಲ ಕಬ್ಬಿನ ಗದ್ದೆಯಾದವರಿದ್ದಾರೆ. ಹಂಗಾಮಿಗೆ ಗಂಟುಮೂಟೆ ಕಟ್ಟಿಕೊಂಡು ಬರುವ ಕಬ್ಬು ಕಡಿಯುವ ಗ್ಯಾಂಗುಗಳು, ಗುಡಿಸಲಿನಲ್ಲಿ ಬೆಳೆಯುವ ಅವರ ಮಕ್ಕಳು, ಬಿಲ್ಲು ಬಾಕಿಗಾಗಿ ಕಾಯುವ ರೈತ ಎಲ್ಲರೂ ಇದೇ ರಸ್ತೆಯಲ್ಲಿದ್ದಾರೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕದ ಓಣಿಗಳಿಗೆ ನುಗ್ಗಿದಳು. ಹಳೆಯ ಲಾವಣಿಕಾರನಾಗಿದ್ದರೆ ಆ ಪ್ರವಾಹವನ್ನು ಊರೂರು ಹಾಡಿಕೊಂಡು ತಿರುಗುತ್ತಿದ್ದ. ಟ್ರ್ಯಾಕ್ಟರಿನ ಚಾಲಕ ಹಾಡಿನ ನಾಯಕನಾದದ್ದು ಶುಭಾರಂಭ. ಅವನು ಹೇರಿಕೊಂಡು ಹೊರಟ ಕಬ್ಬನ್ನು ಕಡಿದವರೂ ಹಾಡಿಗೆ ಬಂದರೆ ಆ ಆರಂಭ ಪೂರ್ಣವಾಗುತ್ತದೆ.

ಹಾಗಾದರೆ ಈ ಸೀಮೆಯ ಹಾಡುಗಾರನೊಬ್ಬ ನಾಳೆ ಬ್ಯಾಂಜೋ, ಸ್ಟೀಲ್ ಗಿಟಾರು ಕೂಡಿಸಿ ಕಂಟ್ರಿಯ ಧಾಟಿಯಲ್ಲಿ ಆಲ್ಬಮ್ ತಂದರೆ ಅದನ್ನು ಹೇಗೆ ಕೇಳಬೇಕು? ವಾದ್ಯದ ಕುಲ ಕೇಳದೆ, ಕಿವಿ ತೆರೆದು ಕೇಳಬೇಕು. ಅನಂತರ ಪ್ರಶ್ನೆ ಕೇಳಬೇಕು: ಮಾತು ಘಟಪ್ರಭೆಯ ದಂಡೆಯದೋ ಅಥವಾ ಸಿನಿಮಾ ಹಾಡಿನ ಎಂಜಲೋ? ಧಾಟಿ ಕೊಟ್ಟವರ, ಪದ ಬರೆದವರ, ವಾದ್ಯ ನುಡಿಸಿದವರ ಹೆಸರು ಹೇಳಿದ್ದಾನೋ? ಅವನು ದೂರಿದವರಿಗೆ ಉತ್ತರ ಹಾಡಲು ಎಡೆಯಿದೆಯೋ? ಈ ಪ್ರಶ್ನೆಗಳನ್ನು ಕೇಳುವ ಹೊಣೆ ಬರೀ ಕೇಳುಗನದಲ್ಲ. ಕಥೆ, ಕವನ ಸಂಕಲನಗಳಿಗೆ ವಿಮರ್ಶೆ ಬರೆಯುವ ನಮ್ಮ ಪತ್ರಿಕೆಗಳು ಲಕ್ಷಾಂತರ ಜನ ಕೇಳುವ ಈ ಹಾಡುಗಳಿಗೂ ಗಂಭೀರ ವಿಮರ್ಶೆ ಬರೆಯಬೇಕು. ಜಾನಪದ ಅಕಾಡೆಮಿ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಗಳು ಹಳೆಯ ಪದಗಳ ಸಂಗ್ರಹದ ಜೊತೆಗೆ ಈ ಹೊಸ ಕವಿಗಳ ರಚನೆಯನ್ನೂ ಹೆಸರು, ಊರು ಸಹಿತ ದಾಖಲಿಸಬೇಕು, ಹಕ್ಕಿನ ಕಾನೂನನ್ನು ಅವರಿಗೆ ಕಲಿಸಬೇಕು. ಜಾತ್ರೆಯ ಕಮಿಟಿಗಳು ಡಿಜೆಯ ರಾತ್ರಿಯಲ್ಲಿ ಒಂದು ತಾಸನ್ನಾದರೂ ಸವಾಲು–ಜವಾಬಿಗೆ ಬಿಟ್ಟುಕೊಟ್ಟು, ಜವಾಬಿನ ಕಡೆಗೆ ಹೆಣ್ಣುಮಕ್ಕಳು ತಾವೇ ಬರೆದ ಪದಗಳನ್ನು ಹಾಡುವಂತೆ ಮಾಡಬೇಕು. ಕುಲಗೋಡದ ತಮ್ಮಣ್ಣನಿಂದ ಘೋಡಗೇರಿಯ ಕಂಬಾರರವರೆಗೆ ಈ ಸೀಮೆ ಕಡ ತಂದೇ ಶ್ರೀಮಂತವಾಗಿದೆ. ತಂದವನು ಹೆಸರು ಹೇಳಿ ನಿಲ್ಲುತ್ತಾನೆ, ಎದುರಿನವರ ಜವಾಬು ಕೇಳುತ್ತಾನೆ ಎಂಬ ನಂಬಿಕೆ ಗಟ್ಟಿಯಿದ್ದರೆ ಯಾವ ದೇಶದ ಧಾಟಿ ಬಂದರೂ ಗೋಕಾಕ, ಮೂಡಲಗಿ, ಹುಕ್ಕೇರಿಯ ಹಾಡು ಹೆದರಬೇಕಾದ್ದಿಲ್ಲ.